ಖರೇ ಹೇಳ್ರಿ, ಮಾಸ್ತರ

ಹುಡುಗನೊಬ್ಬನ ಭವಿಷ್ಯವನ್ನು ನುಡಿಯುವುದು ಜೋಯಿಸರ ಕೆಲಸ. ನನ್ನಂಥ ನಿವೃತ್ತ ಡ್ರಿಲ್ ಮಾಸ್ತರನಿಗೆ ಆ ಪಾಳಿ ಬಂದೀತೆಂದು ನಾನೆಂದೂ ಎಣಿಸಿರಲಿಲ್ಲ. ಈಚೆಗೊಂದು ಸಂಜೆ, ಅಣ್ಣಿಗೇರಿಯ ಸಮೀಪದ ನಮ್ಮೂರಿನಲ್ಲಿ, ಹೆಸರಿನ ರಾಶಿ ಮುಗಿಸಿ ಬಂದ ನೆರೆಮನೆಯ ರೈತ ನನ್ನ ಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಸುಮ್ಮನಿದ್ದ. ಬಳಿಕ, "ಮಾಸ್ತರ, ನಮ್ಮ ಹುಡುಗ ಕಬಡ್ಡಿಯೊಳಗ ಮುಂದ ಬರ್ತಾನೇನ್ರಿ? ಕಾಲೇಜು ಬಿಟ್ಟು ಬೆಂಗಳೂರಿಗೆ ತರಬೇತಿಗೆ ಹೊಂಟೇನಂತಾನ. ಎರಡೆಕರೆ ಎರಿ ಹೊಲ ಒತ್ತಿ ಇಡಬೇಕಂತ ಮಾಡೇನ್ರಿ. ಖರೇ ಹೇಳ್ರಿ" ಎಂದ.

ಆ 'ಖರೇ' ಎಂಬ ಮಾತು ನನ್ನನ್ನು ಚುಚ್ಚಿತು. ಇಪ್ಪತ್ತು ವರ್ಷಗಳ ಹಿಂದೆ ಇನ್ನೊಬ್ಬ ಹುಡುಗನ ಬೆನ್ನು ತಟ್ಟಿ, "ನೀನು ದೇಶಕ್ಕೇ ಆಡುವವನು" ಎಂದಿದ್ದೆ. ಅವನು ಓದು ಬಿಟ್ಟ. ಮರುವರ್ಷ ಮೊಣಕಾಲು ಹೋಯಿತು. ಇಂದಿಗೂ ಸಂತೆಯಲ್ಲಿ ಎದುರಾದರೆ ನಗುತ್ತ ನಮಸ್ಕರಿಸುತ್ತಾನೆ. ಬೈದಿದ್ದರೆ ನನ್ನ ಮನಸ್ಸು ಎಷ್ಟೋ ಹಗುರವಾಗುತ್ತಿದ್ದಿತು.

ಆದುದರಿಂದ ಈ ಸಲ ಕೂಡಲೇ ಉತ್ತರ ಕೊಡಲಿಲ್ಲ. ಧಾರವಾಡಕ್ಕೆ ಹೋಗಿ ಅವನ ಕಾಲೇಜಿನ ಮೂರು ಪಂದ್ಯಗಳನ್ನು ನೋಡಿದೆ.

ಹುಡುಗನ ತೋಳು ಉದ್ದ, ಎದೆಗಾರಿಕೆಯೂ ಉಂಟು. ದಾಳಿಗೆ ಹೋದರೆ ಊರ ಜನ ಸಿಳ್ಳು ಹಾಕುತ್ತಾರೆ. ಆದರೆ ಪ್ರತಿ ಸಲವೂ ಬಲಕ್ಕೇ ತಿರುಗುತ್ತಾನೆ. ಬಲ್ಲ ಎದುರಾಳಿ ಎರಡನೆಯ ದಾಳಿಯಲ್ಲೇ ಅದನ್ನು ಕಂಡುಕೊಂಡಾನು. ಮಣ್ಣಿನಲ್ಲಿ ಕಾಲು ಜಾರಿ ಉಳಿಯುತ್ತದೆ. ಮ್ಯಾಟು ಕಾಲನ್ನು ಹಿಡಿದಿಡುತ್ತದೆ. ಅಲ್ಲಿ ತಿರುಗುವ ರೀತಿಯನ್ನೇ ಅವನು ಹೊಸದಾಗಿ ಕಲಿಯಬೇಕು. ಮೂಲೆಯಲ್ಲಿ ನಿಂತಾಗ ಮಾತ್ರ ಅವನು ಬೇರೆಯೇ ಮನುಷ್ಯ. ದಾಳಿಗಾರ ಬೋನಸ್ ಗೆರೆಗೆ ಕಾಲು ಚಾಚುವವರೆಗೆ ಕಾದು, ಹರಡನ್ನು ಹಿಡಿದನೆಂದರೆ ಬಿಡುವವನಲ್ಲ. ಒಮ್ಮೆ ಜೊತೆಗಾರನ ಹಿಡಿತ ಸಡಿಲುತ್ತಿದ್ದಾಗ ಓಡಿ ಬಂದು ನಡುಗೆರೆಗೆ ಅಡ್ಡವಾಗಿ ನಿಂತ. ಅಂಕ ಬರೆದುದು ಜೊತೆಗಾರನ ಹೆಸರಿಗೆ. ಇವನು ಎದ್ದು, ಮೈ ಕೊಡವಿಕೊಂಡು ತನ್ನ ಮೂಲೆಗೆ ಮರಳಿದ. ಆ ಮೂರು ಪಂದ್ಯಗಳಲ್ಲಿ ನನಗೆ ಹೆಚ್ಚು ಹಿಡಿಸಿದುದು ಅದೊಂದೇ ಗಳಿಗೆ.

ಆದರೆ ಅಷ್ಟರಿಂದ ಹೊಟ್ಟೆ ತುಂಬುವುದೇ? 2014ರಲ್ಲಿ ಎಂಟು ತಂಡಗಳಿಂದ ಆರಂಭವಾದ ಪ್ರೊ ಕಬಡ್ಡಿ ಲೀಗ್, 2017ರಲ್ಲಿ ಹನ್ನೆರಡು ತಂಡಗಳಿಗೆ ಬೆಳೆಯಿತು. ತಂಡಕ್ಕೆ ಇಪ್ಪತ್ತೈದು ಜನರೆಂದರೂ ಮುನ್ನೂರೇ ಸ್ಥಾನ. ಅವುಗಳಲ್ಲಿ ಹರಿಯಾಣದವರಿಗೂ, ಇರಾನಿನವರಿಗೂ ಪಾಲು. 2023ರಲ್ಲಿ ಪವನ್ ಸೆಹ್ರಾವತ್ 2 ಕೋಟಿ 60 ಲಕ್ಷಕ್ಕೂ ಮೇಲ್ಪಟ್ಟ ಬೆಲೆಗೆ ಹರಾಜಾದುದನ್ನು ಹುಡುಗರೆಲ್ಲ ಬಲ್ಲರು. ಮರುವರ್ಷದ ಹರಾಜಿನಲ್ಲಿ ಕೆಳಗಿನ ದರ್ಜೆಯ ಮೂಲಬೆಲೆ 9 ಲಕ್ಷವಿದ್ದಿತು. ಆ ಬೆಲೆಗೂ ಯಾರೂ ಕೊಳ್ಳದೆ ಉಳಿದವರ ಹೆಸರು ಯಾರ ಬಾಯಲ್ಲಿಯೂ ಇಲ್ಲ. ಊರಿನ ಆಟದಲ್ಲಿ ದಾಳಿ, ಹಿಡಿತ ಎರಡನ್ನೂ ಬಲ್ಲವನೇ ಅರಸ. ಹಣ ಕೊಟ್ಟು ಕೊಳ್ಳುವವರು ಮಾತ್ರ, ನಿನ್ನ ಯಾವ ಒಂದು ಕೆಲಸಕ್ಕೆ ಸಾಟಿಯಿಲ್ಲ, ಎಂದು ಕೇಳುತ್ತಾರೆ.

ಕಟ್ಟೆಯ ಮೇಲೆ ತಂದೆಗೆ ಇದ್ದುದನ್ನು ಇದ್ದಂತೆ ಹೇಳಿದೆ. "ದಾಳಿಗಾರನಾಗಿ ಆಗೂದಿಲ್ಲ. ಮೂಲಿಯೊಳಗ ನಿಂತರ, ಎರಡು ವರ್ಷ ದುಡಿದರ, ಆದೀತು. ಆಗೇ ಆಗ್ತದ ಅಂತ ನಾ ಹೇಳೂದಿಲ್ಲ. ಹೊಲ ಒತ್ತಿ ಇಡಬ್ಯಾಡ, ಕಾಲೇಜು ಬಿಡಿಸಬ್ಯಾಡ." ಗದಗಿನ ಸುನೀಲ ಜೋಶಿಯವರ ಮಾತನ್ನೂ ಎತ್ತಿದೆ. ಹುಡುಗನಾಗಿದ್ದಾಗ ಅವರು ಬೆಳಗಿನ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದರು. 1996ರಲ್ಲಿ ಭಾರತದ ಟೆಸ್ಟ್ ತಂಡ ಸೇರಿದರು. ಆ ರೈಲುಹಾದಿ ನಮ್ಮ ಅಣ್ಣಿಗೇರಿಯ ಮೇಲೆಯೇ ಹಾದಿದೆ. ಲೀಗ್ ಕೈ ಹಿಡಿಯದಿದ್ದರೂ, ಪದವಿಯೊಂದಿದ್ದರೆ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಕ್ರೀಡಾಪಟುವಿಗೆ ಬಾಗಿಲು ತೆರೆದೀತು.

ತಂದೆ ದೀರ್ಘವಾಗಿ ಉಸಿರು ಬಿಟ್ಟ. ಅದು ನೆಮ್ಮದಿಯೋ ನಿರಾಶೆಯೋ ತಿಳಿಯಲಿಲ್ಲ. ಹುಡುಗ ಕಂಬದ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿದ್ದನೆಂಬುದು ಆಮೇಲೆ ಕಂಡಿತು. ಮುಖ ಬಾಡಿದ್ದಿತು, ನನ್ನತ್ತ ನೋಡದೆ ಹೊರಟುಹೋದ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಹೊಗಳಿ ಒಬ್ಬನನ್ನು ಕೆಡಿಸಿದ್ದೆ. ಖರೇ ಹೇಳಿ ಇನ್ನೊಬ್ಬನನ್ನು ಕೆಡಿಸಿದೆನೇ?

ಬೆಳಗಾಗುವ ಮೊದಲೇ ಯಾರೋ ಬಾಗಿಲು ತಟ್ಟಿದರು. ಅವನೇ.

"ಸರ್, ಮೂಲಿಗೆ ನಿಲ್ಲಬೇಕಂದ್ರ ತೂಕ ಎಷ್ಟು ಏರಿಸಬೇಕ್ರಿ?"