ಕಾಡಿನ ದಾರಿಯ ಖರ್ಚು

ನಿಮ್ಮ ಮನೆಯ ಮಗಳೊಬ್ಬಳು ಎಂ.ಎಸ್ಸಿ. ಮುಗಿಸಿ ಬಂದು, "ನಾನು ಕಪ್ಪೆಗಳ ಕುರಿತು ಸಂಶೋಧನೆ ಮಾಡುತ್ತೇನೆ" ಎಂದರೆ ನೀವೇನು ಹೇಳುವಿರಿ? ನನ್ನ ತಂಗಿಯ ಮಗಳು ಹಾಗೆಂದಾಗ ನಾನು ನಕ್ಕುಬಿಟ್ಟೆ. ಆ ನಗುವಿಗಾಗಿ ಇಂದು ನಾಚುತ್ತೇನೆ.

ಅವಳು ಹೊರಟಿದ್ದು ಉತ್ತರ ಕನ್ನಡದ ಕಾಡುಗಳಿಗೆ. ಅಲ್ಲಿನ ಕತ್ತಲೆಕಾನಿನ ಒಂದು ಕಪ್ಪೆಯ ಕಥೆಯನ್ನು ನನಗೆ ಹೇಳಿದವಳು ಅವಳೇ. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡುಕಪ್ಪೆ ತನ್ನ ಮುಂಗೈಗಳಿಂದ ತೊರೆಯ ಕೆಸರನ್ನೆತ್ತಿ ಮೊಟ್ಟೆಗಳಿಗೆ ಮೆತ್ತುತ್ತದೆ. 2014ರಲ್ಲಿ ಡಾ. ಕೆ.ವಿ. ಗುರುರಾಜ ಮತ್ತು ಸಂಗಡಿಗರು ಅದನ್ನು ಹೊಸ ಪ್ರಭೇದವೆಂದು ಲೋಕಕ್ಕೆ ಪರಿಚಯಿಸಿದಾಗ, 'ಕುಂಬಾರ' ಎಂಬ ನಮ್ಮ ಕನ್ನಡದ ಮಾತನ್ನೇ ಅದರ ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿದರು. ಮಳೆಗಾಲದ ರಾತ್ರಿಗಳಲ್ಲಿ ತೊರೆಯ ಬದಿಯಲ್ಲಿ ಕಾದು ಕುಳಿತವರಿಗಲ್ಲದೆ ಇಂಥ ಅಚ್ಚರಿ ಕಾಣಸಿಗದು.

ಆದರೆ ಹಾಗೆ ಕಾದು ಕೂರುವುದಕ್ಕೂ ಹಣ ಬೇಕು. ದಾರಿ ತೋರುವ ಊರಿನವನ ಕೂಲಿ, ಬಾಡಿಗೆಯ ಜೀಪು, ಟಾರ್ಚಿನ ಬ್ಯಾಟರಿ, ಹಳ್ಳಿಯಲ್ಲಿ ತಂಗಲು ಒಂದು ಕೋಣೆ. ಮಳೆಯಂತೂ ಯಾರ ಕಡತಕ್ಕೂ ಕಾಯುವುದಿಲ್ಲ. ಜೂನ್ ತಿಂಗಳಿಗೆ ಬೇಕಾದ ಹಣ ಅಕ್ಟೋಬರಿನಲ್ಲಿ ಬಂದರೆ ಒಂದು ವರ್ಷವೇ ಕಳೆದಂತೆ. ಕಿರಿಯ ಸಂಶೋಧಕರ ಫೆಲೋಶಿಪ್ ಮೊತ್ತವನ್ನು ಕೇಂದ್ರ ಸರ್ಕಾರವು 2023ರ ಜನವರಿಯಿಂದ ತಿಂಗಳಿಗೆ 31,000 ರೂಪಾಯಿಗಳಿಂದ 37,000ಕ್ಕೆ ಏರಿಸಿತು. ಸಂತೋಷದ ಸಂಗತಿಯೇ. ಆದರೆ ಅವಳ ಕೈಗೆ ಏಳು ತಿಂಗಳು ಒಂದು ರೂಪಾಯಿಯೂ ಬರಲಿಲ್ಲ. ತಂಗಿ ತನ್ನ ಬಳೆಗಳನ್ನು ಅಡವಿಟ್ಟಳು. ಆಗ ಹಿರಿಯನೆಂಬ ಅಧಿಕಾರದಿಂದ ನಾನು, "ಬ್ಯಾಂಕ್ ಪರೀಕ್ಷೆಗೆ ಕಟ್ಟು ಮಗಳೇ, ಕಪ್ಪೆ ಅನ್ನ ಕೊಡುವುದಿಲ್ಲ" ಎಂದೆ. "ಆಗಲಿ ಮಾಮ" ಎಂದಳು. ಆ ಮಳೆಗಾಲ ಅವಳು ಕಾಡಿಗೆ ಹೋಗಲಿಲ್ಲ.

ನನ್ನ ಮಾತಿನ ತಪ್ಪು ನನಗೆ ತಿಳಿದದ್ದು ಯೇಸುಸಭೆಯ ಫಾದರ್ ಸೆಸಿಲ್ ಸಲ್ಡಾನರ ಬಗ್ಗೆ ಓದಿದಾಗ. ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಅವರು, ಕಿರಿಯರನ್ನು ಜೊತೆಗಿಟ್ಟುಕೊಂಡು ಹಾಸನ ಜಿಲ್ಲೆಯ ಕಾಡುಮೇಡುಗಳನ್ನು ಸುತ್ತಿ ಗಿಡಮರಗಳನ್ನು ದಾಖಲಿಸಿದರು. ಅಮೆರಿಕದ ಡ್ಯಾನ್ ನಿಕಲ್ಸನ್‌ರೊಡನೆ ಅವರು ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಕೋಶ 1976ರಲ್ಲಿ ಹೊರಬಂದಿತು. ಆ ಕೆಲಸಕ್ಕೆ ಸ್ಮಿತ್ಸೋನಿಯನ್ ಸಂಸ್ಥೆಯ ನೆರವಿತ್ತು. ಹಿಂದೆ ಅಮೆರಿಕದಿಂದ ಬಂದ ಗೋಧಿಗೆ ಭಾರತ ರೂಪಾಯಿಗಳಲ್ಲಿ ತೆತ್ತ ಹಣದ ಒಂದು ಪಾಲು ಹೀಗೆ ಸಂಶೋಧನೆಗೆ ಒದಗಿತ್ತು. ಅವರು ಒಣಗಿಸಿ ಜೋಡಿಸಿಟ್ಟ ಸಸ್ಯಗಳನ್ನು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಇಂದಿಗೂ ವಿದ್ಯಾರ್ಥಿಗಳು ನೋಡಿ ಕಲಿಯುತ್ತಾರೆ. ಅಂದು ಯಾರೋ ದಾರಿಯ ಖರ್ಚು ಕೊಡದಿದ್ದರೆ, ಇಂದು ಯಾವ ಗಿಡ ಉಳಿದಿದೆ, ಯಾವುದು ಅಳಿದಿದೆ ಎಂದು ಹೋಲಿಸಿ ನೋಡಲು ನಮ್ಮ ಬಳಿ ಏನಿರುತ್ತಿತ್ತು?

ಇಂದೂ ಅಂಥ ನೆರವುಗಳಿವೆ. ಬ್ರಿಟನ್ನಿನ ರಫರ್ಡ್ ಪ್ರತಿಷ್ಠಾನವು ಆಗಷ್ಟೇ ಹೆಜ್ಜೆಯಿಡುತ್ತಿರುವ ಸಂರಕ್ಷಣಾ ಸಂಶೋಧಕರಿಗೆ ಮೊದಲು ಕೆಲವು ಸಾವಿರ ಪೌಂಡುಗಳ ಸಣ್ಣ ಅನುದಾನ ನೀಡುತ್ತದೆ. ಕೆಲಸ ಚೆನ್ನಾಗಿ ನಡೆದರೆ ಮುಂದಿನ ಹಂತದ ಅನುದಾನಕ್ಕೆ ದಾರಿಯಿರುತ್ತದೆ. ನಮ್ಮ ಹುಡುಗಿ ಈಚೆಗೆ ಅದಕ್ಕೆ ಅರ್ಜಿ ಬರೆದಳು. ಖರ್ಚಿನ ಪಟ್ಟಿ ಮಾಡುವಾಗ ನಾನೂ ಪಕ್ಕದಲ್ಲಿ ಕುಳಿತಿದ್ದೆ. ಅವಳು ಮೊದಲು ಬರೆದದ್ದು ದಾರಿ ತೋರುವವನ ಕೂಲಿಯನ್ನು. ತನಗೆ ತಡವಾದ ನೋವು ಇನ್ನೊಬ್ಬನಿಗೆ ಬರಬಾರದೆಂದು.

ಉತ್ತರ ಇನ್ನೂ ಬಂದಿಲ್ಲ. ಆದರೆ ಈ ಜೂನ್ ತಿಂಗಳಿನ ಬಸ್ಸು, ಜೀಪಿನ ಖರ್ಚನ್ನು ನನ್ನ ಪಿಂಚಣಿಯಿಂದ ಕೊಡುವುದಾಗಿ ಹೇಳಿದ್ದೇನೆ. ಇದು ಎಲ್ಲ ಮನೆಗಳಿಗೂ ಸಾಧ್ಯವಾಗುವ ಮಾತಲ್ಲವೆಂದು ಬಲ್ಲೆ. ಅಡವಿಡಲು ಬಳೆಗಳಿರುವ ಮನೆಯ ಮಕ್ಕಳು ಮಾತ್ರ ನಮ್ಮ ಕಾಡುಗಳನ್ನು ಅರಿಯಬೇಕೆ? ಈ ಪ್ರಶ್ನೆಯನ್ನು ಅನುದಾನ ಕೊಡುವವರ ಮುಂದಷ್ಟೇ ಅಲ್ಲ, ವಿದ್ಯಾರ್ಥಿವೇತನ ಹಂಚುವ ನಮ್ಮ ಊರಿನ ಸಮಿತಿಗಳ ಮುಂದೆಯೂ ಇಡಬೇಕೆಂದು ನನ್ನ ಬಿನ್ನಹ.

ನಾಳೆ ನಿಮ್ಮ ಮನೆಯ ಮಗುವೂ ಕಪ್ಪೆಯ ಹೆಸರೆತ್ತಿದರೆ ನಗಬೇಡಿ, ಓದುಗರೇ. "ಹಣ ಯಾವಾಗ ಬರುತ್ತದೆ? ಅಲ್ಲಿಯವರೆಗೆ ಹೇಗೆ?" ಎಂದು ಕೇಳಿ. ನಾನು ಅಂದು ಕೇಳಬೇಕಾಗಿದ್ದುದು ಅಷ್ಟೇ.