ಕಾಕಾನ ಪದಕ್ಕೆ ನಾನು ಹಾಕಿದ ಎಕೋ

ನಮ್ಮದು ಇಂಡಿ ತಾಲ್ಲೂಕಿನ ಒಂದು ಹಳ್ಳಿ. ಕಾಕಾ ನಲವತ್ತು ವರ್ಷದಿಂದ ಭಜನಿ ಮೇಳದಲ್ಲಿ ತತ್ವಪದ ಹಾಡುತ್ತಾನೆ. ಹೋದ ಶ್ರಾವಣದಲ್ಲಿ ಅವನ ದನಿ ನಡುವೆಯೇ ಒಡೆಯಿತು. ಪೂರಾ ಹೋಗುವ ಮೊದಲು ಹತ್ತು ಪದವಾದರೂ ರೆಕಾರ್ಡ್ ಮಾಡಿಡೋಣ ಎಂದು ಲ್ಯಾಪ್‌ಟಾಪ್ ತೆಗೆದೆ.

ಪುಕ್ಕಟೆ ಸಿಗುವ ಆಡಾಸಿಟಿಯಲ್ಲಿ ರಿವರ್ಬ್ ಎಂಬ ಎಫೆಕ್ಟ್ ಇದೆ. 'ಬಾತ್‌ರೂಮ್'ನಿಂದ 'ಕ್ಯಾಥೆಡ್ರಲ್'ವರೆಗೆ ಪಟ್ಟಿ. ದೊಡ್ಡದನ್ನೇ ಒತ್ತಿದೆ. ದನಿಯ ಬಿರುಕು ಮುಚ್ಚಿತು, ಕಾಕಾ ಗೋಳಗುಮ್ಮಟದೊಳಗೆ ನಿಂತು ಹಾಡಿದಂತಾಯಿತು. ಗೋವಾದಲ್ಲಿ ಗೌಂಡಿ ಕೆಲಸ ಮಾಡುವ ಅವನ ಮಗನಿಗೆ ವಾಟ್ಸಾಪ್ ಮಾಡಿದೆ.

ಸಂಜೆ ಫೋನ್ ಬಂತು. "ಅಣ್ಣಾ, ದನಿ ಭಾರಿ ಐತಿ. ಆದ್ರ ಅಪ್ಪ ಏನ್ ಹಾಡ್ಯಾನ ತಿಳಿವಲ್ದು."

ಕಾಕಾನೂ ಕೇಳಿದ. "ತಮ್ಮಾ, ಮಾತ ತಿಳೀಲಿಲ್ಲಂದ್ರ ನಾ ಯಾಕ ಹಾಡ್ಬೇಕು? ಏಕತಾರಿ ಒಂದ ಸಾಕಿತ್ತಲ್ಲ."

ಗೋಳಗುಮ್ಮಟದಲ್ಲಿ ಒಂದು ಚಪ್ಪಾಳೆ ಏಳು ಸಲಕ್ಕೂ ಹೆಚ್ಚು ಮರಳುತ್ತದೆ. ಹೆಸರು ಕೂಗಲು ಚಂದ. ಅಲ್ಲಿ ನಿಂತು ಒಂದು ಕತೆ ಹೇಳಿ ನೋಡಿ: ಹಿಂದಿನ ಮಾತು ಆರುವ ಮೊದಲೇ ಮುಂದಿನದು ಅದರ ಮೇಲೆ ಬೀಳುತ್ತದೆ. ನಾನು ಮಾಡಿದ್ದೂ ಅದನ್ನೇ.

ಮತ್ತೆ ಮೊದಲಿನಿಂದ ಶುರು. ನಮ್ಮದು ತಗಡಿನ ಮನೆ, ದನಿ ಖಣಖಣ ಅನ್ನುತ್ತದೆ. ಅವ್ವನ ಎರಡು ಕೌದಿ ಗೋಡೆಗೆ ಇಳಿಬಿಟ್ಟೆ, ಫ್ಯಾನ್ ಆರಿಸಿದೆ, ಮೈಕನ್ನು ಬಾಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇಟ್ಟೆ. ಆ ಕೌದಿ ಮಾಡಿದಷ್ಟು ಕೆಲಸ ಯಾವ ಎಫೆಕ್ಟೂ ಮಾಡಲಿಲ್ಲ, ಖರೆ ಹೇಳುತ್ತೇನೆ.

ಬಳಿಕ ಹೈ-ಪಾಸ್ ಫಿಲ್ಟರ್‌ನಿಂದ 80 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿದೆ. ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡುವುದು ತಗ್ಗಿತು. ಕಂಪ್ರೆಸರ್ ಏರುದನಿಯನ್ನು ಇಳಿಸಿ, ಪಿಸುದನಿಯ ಹತ್ತಿರ ತಂದಿತು. ಈಕ್ವಲೈಸರ್‌ನಲ್ಲಿ 3000 ಹರ್ಟ್ಸ್ ಸುತ್ತ ಎರಡು-ಮೂರು ಡೆಸಿಬಲ್ ಏರಿಸಿದ್ದೇ ತಡ, ಅಕ್ಷರಗಳು ಬಿಡಿಬಿಡಿಯಾಗಿ ಕೇಳಿದವು. ರಿವರ್ಬ್ ಕೊನೆಗೆ, ಸಣ್ಣ ಕೋಣೆಯಷ್ಟು. ಇದೆ ಎಂದು ಗೊತ್ತಾಗುವವರೆಗೆ ಏರಿಸಿ, ಅಲ್ಲಿಂದ ಒಂದಿಷ್ಟು ಇಳಿಸಿದೆ.

ಸಿಂದಗಿಯ ಗೆಳೆಯ "ಆಟೋ-ಟ್ಯೂನ್ ಹಾಕಪಾ" ಎಂದ. 1997ರಲ್ಲಿ ಅದು ಬಂತು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಮೊದಲು ಸದ್ದಿನ ಅಲೆಗಳಿಂದ ನೆಲದಡಿಯ ಎಣ್ಣೆ ಹುಡುಕುವ ಕೆಲಸದಲ್ಲಿದ್ದವರು. ಡಿಜೆ ಹಾಡಿಗೆ ಅದು ಒಪ್ಪೀತು. ಕಾಕಾ ಸ್ವರದಿಂದ ಸ್ವರಕ್ಕೆ ಜಾರುವುದನ್ನೇ ತಪ್ಪೆಂದು ತಿದ್ದಿತು. ತೆಗೆದೆ.

ಹೆಡ್‌ಫೋನ್ ಬಿಚ್ಚಿಟ್ಟು ಫೋನಿನ ಸ್ಪೀಕರಿನಲ್ಲೇ ಕೇಳಿ ಮತ್ತೆ ಗೋವಾಕ್ಕೆ ಕಳಿಸಿದೆ. ಮೂರನೆಯ ನುಡಿಯಲ್ಲಿ ಕಾಕಾ ಕೆಮ್ಮಿದ್ದಾನೆ, ತೆಗೆಯಲೇ ಎಂದು ಕೇಳಿದೆ.

"ಬ್ಯಾಡಣ್ಣಾ, ಇರ್ಲಿ," ಅಂದ.

ಇನ್ನೂ ಒಂಬತ್ತು ಪದ ಬಾಕಿ ಇವೆ.