ಅಳೇಬೀಡಿನಿಂದ ಬಂದ ಅಸೈನ್‌ಮೆಂಟ್

ಅರಸೀಕೆರೆಯಲ್ಲಿ ಕನ್ನಡ ಮೇಷ್ಟ್ರಾಗಿರುವ ನನಗೆ ಸೆಮಿಸ್ಟರ್ ಮುಗಿಯುತ್ತ ಬಂತೆಂದು ತಿಳಿಸುವುದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯ ನೂಕುನುಗ್ಗಲು. ಪ್ರಿಂಟರಿನ ಬಿಸಿ ಆರುವ ಮೊದಲೇ ಹಾಳೆಗಳು ನನ್ನ ಮೇಜಿಗೆ ಬಂದು ಬೀಳುತ್ತವೆ. ಬರೆದವರೂ ಓದಿರುವುದಿಲ್ಲ, ಟೈಪು ಮಾಡಿದವರೂ ಓದಿರುವುದಿಲ್ಲ. ಮೊದಲ ಓದುಗ ನಾನೇ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೊ ಪಟ್ಟಿಗೆ ಸೇರಿದ ಮೇಲಂತೂ ಅರ್ಧಕ್ಕರ್ಧ ಹುಡುಗರಿಗೆ ಹೊಯ್ಸಳರೇ ವಿಷಯ. ಈ ಸಲದ ಕಟ್ಟು ಬಿಚ್ಚಿದರೆ ಮೊದಲ ಸಾಲು: ‘ಆಸನ ಜಿಲ್ಲೆಯ ಅಳೇಬೀಡಿನಲ್ಲಿ...’

ನಮ್ಮ ಸೀಮೆಯ ನಾಲಿಗೆಗೆ ಹಕಾರ ಭಾರ. ಹಾಲು ಆಲಾಗುತ್ತದೆ, ಹುಡುಗ ಉಡುಗನಾಗುತ್ತಾನೆ. ಮಾತಿನಲ್ಲಿ ಅದು ಚೆಂದವೇ. ಮನೆಯಲ್ಲಿ ನಾನೂ ಹಾಗೇ ಆಡುವವನು. ಹಾಳೆಗೆ ಇಳಿದಾಗ ಮಾತ್ರ ಹೊಯ್ಸಳರ ರಾಜಧಾನಿ ಕೂತು ಅಳತೊಡಗುತ್ತದೆ. ಒಮ್ಮೆ ಬೈಸಿಕೊಂಡು ತಿದ್ದಿಕೊಂಡವರ ಪಾಡು ಇನ್ನೊಂದು. ಅವರು ಕಂಡಕಂಡಲ್ಲಿ ಹ ಹಚ್ಚಿ ‘ಹಾದಿಕವಿ ಪಂಪ’ ಎಂದು ಬರೆದು ತರುತ್ತಾರೆ.

ನನಗೆ ಸಿಟ್ಟು ಬರುವುದಿಲ್ಲ. ಬಿ.ಎ. ಓದುವಾಗ ಶಾಂತಲೆಯ ಮೇಲೆ ಹನ್ನೆರಡು ಪುಟ ಬರೆದು, ಮೂರು ಸಲ ಓದಿ ನೋಡಿಯೇ ಕೊಟ್ಟಿದ್ದೆ. ಗುರುಗಳು ಕೆಂಪು ಶಾಯಿಯಲ್ಲಿ ಒಂದೇ ಸಾಲು ಬರೆದು ಮರಳಿಸಿದರು: ‘ನಾಟಿ ಕೋಳಿ ಗೊತ್ತು, ನಾಟಿ ರಾಣಿ ಯಾರಯ್ಯಾ?’ ತಲೆಬರಹದಲ್ಲೇ ನಾಟ್ಯದ ಯಒತ್ತು ಬಿದ್ದುಹೋಗಿ ಗುಡಿಸು ಹತ್ತಿ ಕೂತಿತ್ತು. ಮೂರು ಸಲವೂ ನಾನು ಓದಿದ್ದು ತಲೆಯಲ್ಲಿದ್ದ ಪ್ರಬಂಧವನ್ನು. ಹಾಳೆಯನ್ನು ನೋಡಿಯೇ ಇರಲಿಲ್ಲ.

ಆಮೇಲೆ ಅವ್ವನಿಗೆ ಓದಿ ಹೇಳುವ ರೂಢಿ ಮಾಡಿಕೊಂಡೆ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಟ್ಟದಿಂದ ಇಳಿಸಿದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಕೊಬ್ಬರಿಯಾಗಿದೆ, ಇಲ್ಲದಿದ್ದರೆ ಇನ್ನೂ ಹಸಿ ಎಂದು ಬೇರೆ ಮಾಡುತ್ತ ಕೂರುವಳು. ಅದೇ ಕಿವಿ ನನ್ನ ಪ್ರಬಂಧಕ್ಕೂ. ‘1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಿಸಿದನು’ ಎಂದು ಓದಿದೆ. “ಯಾರ್ಲಾ ಕಟ್ಸಿದ್ದು?” ಎಂದಳು. ವಿಷ್ಣುವರ್ಧನನನ್ನೇ ಬಿಟ್ಟಿದ್ದೆ.

ವಾಕ್ಯದ ತಪ್ಪು ಹೀಗೆ ಕಿವಿಗೆ ಸಿಕ್ಕಿಬೀಳುತ್ತದೆ. ಹಕಾರ ಸಿಗುವುದಿಲ್ಲ, ಹಳೇಬೀಡು ಎಂದರೂ ಅಳೇಬೀಡು ಎಂದರೂ ಅವ್ವನಿಗೆ ಅದೇ ಊರು. ಅದಕ್ಕೆ ಕಣ್ಣೇ ಬೇಕು. ಅದೂ ಕೊನೆಯ ಸಾಲಿನಿಂದ ಮೇಲಕ್ಕೆ, ಒಂದೊಂದೇ ಪದ. ಅರ್ಥ ಕಳಚಿಕೊಂಡಾಗಲೇ ಅಕ್ಷರ ಕಾಣಿಸುವುದು.

ಆ ಕಣ್ಣು ಇನ್ನೊಬ್ಬರದಾದರೆ ಇನ್ನೂ ಒಳ್ಳೆಯದು. ಹುಡುಗರನ್ನು ಬೇಲೂರಿಗೆ ಕರೆದೊಯ್ದರೆ ಗೈಡು ತಪ್ಪದೆ ಕಪ್ಪೆ ಚೆನ್ನಿಗರಾಯನ ಕತೆ ಹೇಳುತ್ತಾನೆ. ಶಿಲ್ಪಿ ಜಕಣಾಚಾರಿ ಕೆತ್ತಿದ ಮೂರ್ತಿಗೆ ಗಂಧ ಬಳಿದಾಗ ಹೊಕ್ಕುಳ ಬಳಿ ಮಾತ್ರ ಒಣಗಲಿಲ್ಲ; ಒಡೆದರೆ ಒಳಗೆ ನೀರು, ಕಪ್ಪೆ. ದೋಷ ತೋರಿಸಿದ ಹುಡುಗ ಡಂಕಣ ಅವನ ಮಗನೇ. ಇದು ಐತಿಹ್ಯ. ಮದನಿಕೆಗಳ ಕೆಳಗೆ ನಿಜವಾಗಿ ಹೆಸರು ಕೆತ್ತಿಕೊಂಡವರಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಇದ್ದಾರೆ. ಅಲ್ಲೂ ಅಪ್ಪ, ಮಗ! ಉಳಿ ಹಾಕುವ ಮೊದಲು ಒಬ್ಬರ ಗೀಟನ್ನು ಇನ್ನೊಬ್ಬರು ನೋಡಿರಬೇಕು ಎಂದು ನಾನಂತೂ ನಂಬಿದ್ದೇನೆ. ಅವರು ಕೆತ್ತಿದ್ದು ಬಳಪದ ಕಲ್ಲು. ನಮ್ಮ ಬಾಲ್ಯದ ಬಳಪವೂ ಅದೇ ಜಾತಿ. ಸ್ಲೇಟಿನ ತಪ್ಪು ಎಂಜಲು ಬೆರಳಿಗೆ ಅಳಿಯುತ್ತಿತ್ತು. ಮದನಿಕೆಯ ಮೂಗು ಹಾರಿದರೆ ಹಾರಿತು.

“ಸಾರ್, ನೀವೇ ತಿದ್ದಿಬಿಡಿ” ಎಂಬ ಹುಡುಗರಿಗೆ ಈಗ ಒಂದು ಕಟ್ಟಳೆ ಹಾಕಿದ್ದೇನೆ. ಪಕ್ಕದವರ ಹಾಳೆ ಓದಬೇಕು, ತಪ್ಪಿಗೆ ಪೆನ್ಸಿಲಿನಲ್ಲಿ ಗುರುತು ಹಾಕಬೇಕು, ಕೊನೆಯಲ್ಲಿ ‘ಓದಿದವರು’ ಎಂದು ಹೆಸರು ಬರೆಯಬೇಕು. ತಿದ್ದುವ ಕೆಲಸ ಬರೆದವರದೇ. ಮೊದಲ ದಿನವೇ ಹೊಯ್ಸಳೇಶ್ವರನ ಆನೆಸಾಲಿನ ವರ್ಣನೆಯ ನಡುವೆ ‘ಹೆಚ್ಚಿನ ಮಾಹಿತಿಗಾಗಿ ಇಲ್ಲಿ ಕ್ಲಿಕ್ ಮಾಡಿ’ ಎಂಬ ಸಾಲನ್ನು ಹುಡುಗಿಯೊಬ್ಬಳು ಹಿಡಿದಳು. ಕ್ಲಾಸೆಲ್ಲ ನಕ್ಕಿತು, ಬರೆದವನು ಮನೆಗೆ ಹೋಗಿ ಇಡೀ ಪುಟ ಕೈಯಲ್ಲಿ ಬರೆದು ತಂದ.

ಅವ್ವ ಈಗಿಲ್ಲ. ಈ ಬರಹವನ್ನು ಹೆಂಡತಿಗೆ ಓದಿ ಹೇಳಿದ್ದೇನೆ, ಕೆಳಗಿನಿಂದ ಮೇಲಕ್ಕೂ ನೋಡಿದ್ದೇನೆ. ಆದರೂ ಎಲ್ಲಾದರೂ ಒಂದು ಹ ಉದುರಿದ್ದರೆ, ದಯವಿಟ್ಟು ಪೆನ್ಸಿಲಿನಲ್ಲಿ ಗುರುತು ಹಾಕಿ.